ನಲವತ್ತು ಗ್ರಾಮಿನ ಚಿಪ್ಪು

ಕಿರುಗಾವಲಿಗೆ ಎರಡು ಮೈಲಿ ದೂರದ ಒಂದು ಹಳ್ಳಿಯ ಶಾಲೆಯಲ್ಲಿ ಚಿಕ್ಕಬೋರಮ್ಮ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಿಸಿಯೂಟದ ಅಡುಗೆ ಮಾಡಿಕೊಂಡು ಬಂದಿದ್ದಾಳೆ. ಬೆಳಿಗ್ಗೆ ಮೇಷ್ಟರು ಹಾಜರಿ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು, "ಇವತ್ತು ಎಂಬತ್ಮೂರು" ಎಂದರೆ ಸಾಕು. ಅವಳ ಸೇರು ಅಕ್ಕಿಯ ಮೂಟೆಯೊಳಕ್ಕೆ ಇಳಿದು ಎಂಟು ಸಲ ಮೇಲೆ ಬರುತ್ತದೆ, ಆಮೇಲೆ ಒಂದು ಪಾವು. ಇಷ್ಟು ವರ್ಷದಲ್ಲಿ ಅನ್ನ ಮಿಕ್ಕು ಎಮ್ಮೆಯ ಬಾನಿಗೆ ಸುರಿದದ್ದೂ ಇಲ್ಲ, ಕಡೆಯ ಸಾಲಿನ ಮಗು ಬರಿದಾದ ತಟ್ಟೆ ಹಿಡಿದು ಕಾದದ್ದೂ ಇಲ್ಲ.

ಈ ಕೈ ಅವಳಿಗೆ ತಂದೆಯಿಂದ ಬಂದದ್ದು. ತಂದೆ ಕೆಂಪಸಿದ್ದಯ್ಯನನ್ನು ಸುತ್ತಿನ ಊರಿನವರೆಲ್ಲ ಕಣದಲ್ಲಿ ರಾಗಿ ಅಳೆಯಲು ಕರೆಯುತ್ತಿದ್ದರು. ಅವನು ಮೂಡಲಿಗೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕುಳಿತು ಮೊದಲ ಕೊಳಗ ಎತ್ತಿದಾಗ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ಕೊಳಗದ ಬಾಯಿಯ ಮೇಲೆ ರಾಗಿ ಗೋಪುರವಾಗಿ ನಿಂತು, ಇನ್ನೊಂದು ಹಿಡಿ ಹಾಕಿದರೆ ತಾನಾಗಿ ಜಾರುವವರೆಗೆ ತುಂಬುತ್ತಿದ್ದ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳಿಗೆ, "ಗೋಪುರ ಕೆಡವಿ ಅಳತೆ ತಲೆ ಸವರೋ ಮನೇಲಿ ನೀರೂ ಕುಡೀಬಾರ್ದು ಕಣವ್ವ" ಎನ್ನುತ್ತಿದ್ದ. ಮದುವೆಯಲ್ಲಿ ಮಗಳಿಗೆ ಅವನು ಒಂದು ಸೇರು, ಒಂದು ಪಾವು, ಒಂದು ಪುಟ್ಟ ಹಿತ್ತಾಳೆಯ ಚಟಾಕು ಕೊಟ್ಟು ಕಳಿಸಿದ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಆ ಮೂರರ ಮೇಲೆಯೇ ಅವಳ ಸಂಸಾರ ನಡೆದಿತ್ತು.

ಕಳೆದ ಕಾರ್ತೀಕದಲ್ಲಿ ಗಂಡ ಜವರಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಅರವತ್ತೆರಡರ ಗಟ್ಟಿ ಆಸಾಮಿ. ಬೆಳಿಗ್ಗೆ ಎರಡು ಮುದ್ದೆ ತಿಂದು ಗದ್ದೆಗಿಳಿದರೆ ಹೊತ್ತು ನೆತ್ತಿಗೆ ಬರುವವರೆಗೂ ಸೊಂಟ ಎತ್ತದವನು. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಬರೆದರು. ಊಟದ ಪಟ್ಟಿಗೆ ನಯನ ಎಂಬ ಹುಡುಗಿಯ ಕೊಠಡಿಗೆ ಕಳಿಸಿದರು. ಅವಳೂ ದುದ್ದದ ಕಡೆಯ ಹಳ್ಳಿಯವಳೇ. ರೈತರ ಮನೆಯ ಊಟ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸದ್ಯಕ್ಕೆ ಯಾವ ಹೊತ್ತಿಗೂ ಮುದ್ದೆ ಬೇಡಪ್ಪ. ಬೆಳಿಗ್ಗೆ ಓಟ್ಸು ಬೇಯಿಸ್ಕೊಂಡು ತಿನ್ನಿ, ತರಕಾರಿ ಹಾಕಿ. ನಲವತ್ತು ಗ್ರಾಂ. ಮಾತ್ರೆ ತಿಂಡಿ ಜೊತೆಗೇ" ಎಂದು ಚೀಟಿ ಬರೆದು, ಚಿಕ್ಕಬೋರಮ್ಮನ ಕಡೆ ತಿರುಗಿದಳು. "ಮನೇಲಿ ತೂಗೋದಕ್ಕೆ ಏನಾದ್ರೂ ಇದೆಯಾ ಅಮ್ಮ?"

"ತೂಕ ಯಾಕವ್ವ? ಎಂಬತ್ತು ಮಕ್ಕಳಿಗೆ ಇಕ್ಕೋಳು ನಾನು. ಒಬ್ಬ ಗಂಡಂಗೆ ಇಕ್ಕಕ್ಕೆ ತಕ್ಕಡಿ ಇಡ್ಕಬೇಕಾ?"

ಜವರಯ್ಯ ನಕ್ಕ. ನಯನ ಏನೋ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಮುಂದಿನ ಚೀಟಿಯವರು ಒಳಗೆ ಬಂದರು.

ಮಳವಳ್ಳಿಯ ಬಸ್ಸಿನಲ್ಲಿ ಕೂತು ಚಿಕ್ಕಬೋರಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಒಂದು ಕಿಲೋ ರಾಗಿ ಹಿಟ್ಟು ಅಳೆದರೆ ಇಪ್ಪತ್ತೈದು ಚಟಾಕು ಬರುತ್ತದೆ. ಇದು ಅವಳು ನೂರಾರು ಸಲ ಅಳೆದು ಕಂಡ ಸತ್ಯ. ಸಾವಿರ ಗ್ರಾಮನ್ನು ಇಪ್ಪತ್ತೈದು ಪಾಲು ಮಾಡಿದರೆ ಪಾಲಿಗೆ ನಲವತ್ತು. ಅಂದರೆ ನಲವತ್ತು ಗ್ರಾಮಿಗೆ ಒಂದು ಚಟಾಕು. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಅದು ರಾಗಿ ಹಿಟ್ಟಿನ ಲೆಕ್ಕ.

ಮಾರನೆಯ ದಿನದಿಂದ ಮನೆಯಲ್ಲಿ ಓಟ್ಸು ಶುರುವಾಯಿತು. ಚಿಕ್ಕಬೋರಮ್ಮ ಎಂಟೂವರೆಗೆ ಶಾಲೆಗೆ ಹೊರಡುತ್ತಾಳೆ. ಜವರಯ್ಯ ಮುಂಜಾನೆ ಗದ್ದೆಗೆ ನೀರು ಬಿಟ್ಟು ತಿಂಡಿಗೆ ಬರುವುದು ಒಂಬತ್ತೂವರೆಗೆ. ಆದ್ದರಿಂದ ಬೇಯಿಸಿ ಕೊಡುವ ಕೆಲಸ ಪಕ್ಕದ ಮನೆಯ ವಾರಗಿತ್ತಿ ಪಟ್ಟಲಮ್ಮನ ಪಾಲಿಗೆ ಬಂತು. ಡಬ್ಬಿಯೊಳಗೇ ಚಟಾಕು ಇಟ್ಟು, "ದಿನಕ್ಕೊಂದು ಗೋಪುರ, ಅಷ್ಟೇ" ಎಂದು ಚಿಕ್ಕಬೋರಮ್ಮ ಹೇಳಿಹೋದಳು.

ಪಟ್ಟಲಮ್ಮ ಮೊದಲ ದಿನವೇ ಪಾತ್ರೆ ಬಗ್ಗಿಸಿ ನೋಡಿದಳು. "ಭಾವ, ಇದು ನಿಮಗಾ, ಕೋಳಿಗಾ?"

"ಡಾಕ್ಟ್ರು ಏಳವ್ರೆ. ನಿಮ್ಮಕ್ಕ ಅಳೆದವ್ಳೆ. ನಂದೇನದೆ, ನುಂಗದು."

ನುಂಗಿದ. ಹತ್ತನೆಯ ದಿನ ಗೊಬ್ಬರ ತರಲೆಂದು ಮಳವಳ್ಳಿಗೆ ಹೋದವನಿಗೆ ಬಸ್ಸು ನಿಲ್ದಾಣದಲ್ಲಿ ಕಣ್ಣು ಕತ್ತಲಿಟ್ಟಿತು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು, ಕೈ ನಡುಗಿ, ಕಂಬ ಹಿಡಿದು ಕೂತುಬಿಟ್ಟ. ಬಾಳೆಹಣ್ಣಿನ ಬುಟ್ಟಿಯ ಹೆಂಗಸು ಎರಡು ಹಣ್ಣು ಸುಲಿದು ತಿನ್ನಿಸಿದ ಮೇಲೆ ಜೀವ ಬಂತು. ಬಿಸಿಲು ಎಂದುಕೊಂಡರು. ಮತ್ತೆರಡು ವಾರಕ್ಕೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಅದೇ ಆಯಿತು. ಅಂದು ಬಿಸಿಲೇ ಇರಲಿಲ್ಲ. ಹುಲ್ಲಿಗೆ ಹೋಗಿದ್ದ ಪಟ್ಟಲಮ್ಮ ಓಡಿಬಂದು ಹಿಡಿಯದೆ ಹೋಗಿದ್ದರೆ ಅವನು ನೀರಿನ ಕಾಲುವೆಯೊಳಕ್ಕೆ ಉರುಳುತ್ತಿದ್ದ.

ಸಂಜೆ ಜಗಲಿಯ ಮೇಲೆ ಕೂತು ಜವರಯ್ಯ ತೀರ್ಪು ಹೇಳಿದ. "ನಾಳಿಂದ ನಂಗೆ ರಾಗಿ ಇಟ್ಟೇ ಮಾಡಾಕು ಕಣಮ್ಮಿ. ಈ ಉಲ್ಲು ತಿನ್ಕಂಡು ಸಾಯೋ ಬದ್ಲು ಇಟ್ಟು ತಿನ್ಕಂಡೇ ಸಾಯ್ತೀನಿ."

"ಮಾತ್ರೆ?"

"ಮಾತ್ರೆನೂ ಬ್ಯಾಡ. ಎರಡೂ ಬ್ಯಾಡ."

ಚಿಕ್ಕಬೋರಮ್ಮನ ಸೋದರಮಾವ ಹೀಗೆಯೇ ಮಾತ್ರೆ ಬಿಟ್ಟು ಕಾಲಿನ ಎರಡು ಬೆರಳು ಕಳೆದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳು ಎದ್ದು ಹೋಗಿ ಮೊಬೈಲಿನಲ್ಲಿ ನಯನಳಿಗೆ ಕರೆ ಮಾಡಿದಳು. ನಡೆದದ್ದನ್ನೆಲ್ಲ ಕೇಳಿ ಆ ಹುಡುಗಿ ಒಂದೇ ಪ್ರಶ್ನೆ ಹಾಕಿದಳು.

"ಎಷ್ಟು ಓಟ್ಸು ಹಾಕ್ತಿದ್ದೀರಮ್ಮ?"

"ನಲವತ್ತು ಗ್ರಾಮು."

"ತೂಗಿದ್ರಾ?"

"ಅಳೆದೆ."

"ಅಮ್ಮ, ಅಳೆದದ್ದನ್ನ ಒಂದ್ಸಲ ತೂಗಿ ನೋಡಿ. ಮಾತ್ರೆ ಒಳಗೆ ಹೋಗಿ ತನ್ನ ಕೆಲಸ ತಾನು ಮಾಡುತ್ತೆ. ಅದಕ್ಕೆ ತಕ್ಕಷ್ಟು ಊಟ ಇಲ್ದಿದ್ರೆ ಮನುಷ್ಯ ಬೀಳ್ತಾನೆ. ಡಾಕ್ಟ್ರನ್ನ ಕೇಳಿ ಈಗಲೇ ಹೇಳ್ತೀನಿ, ಇರಿ." ಸ್ವಲ್ಪ ಹೊತ್ತಿಗೆ ಅವಳೇ ಕರೆ ಮಾಡಿದಳು. "ಸದ್ಯಕ್ಕೆ ಅರ್ಧ ಮಾತ್ರೆ ಕೊಡಿ ಅಂದ್ರು. ಹದಿನೈದು ದಿನ ಬೆಳಗಿನ ತಿಂಡಿ ಒಂದೇ ಸಮ ಇರ್ಬೇಕು. ಒಂದಿನ ಹೆಚ್ಚು ಒಂದಿನ ಕಮ್ಮಿ ಆದ್ರೆ ಮಾತ್ರೆ ಎಷ್ಟು ಅಂತ ಅವರು ಹೆಂಗೆ ಗೊತ್ತು ಮಾಡ್ತಾರೆ? ಹದಿನೈದು ದಿನ ಆದ್ಮೇಲೆ ಕರ್ಕೊಂಡು ಬನ್ನಿ."

ಜವರಯ್ಯ ಒಪ್ಪಿದ, ಆದರೆ ಗಡುವು ಹಾಕಿ ಒಪ್ಪಿದ. "ಅದಿನೈದೇ ದಿನ. ಇನ್ನೊಂದ್ಸಲ ತಲೆ ತಿರುಗ್ತೋ, ಡಬ್ಬಿ ತಿಪ್ಪೆಗೆ."

ಮರುದಿನ ಶಾಲೆ ಮುಗಿಸಿ ಚಿಕ್ಕಬೋರಮ್ಮ ಓಟ್ಸಿನ ಡಬ್ಬಿಯನ್ನೂ ಒಂದಿಷ್ಟು ರಾಗಿ ಹಿಟ್ಟನ್ನೂ ಚೀಲದಲ್ಲಿಟ್ಟುಕೊಂಡು ಕಿರುಗಾವಲಿನ ಶಶಿಧರನ ದಿನಸಿ ಅಂಗಡಿಗೆ ಹೋದಳು.

"ಸಸಿಧರ, ನಿನ್ನ ತಕ್ಕಡಿ ಕೊಡ್ಲಾ ಒಂದ್ ಗಳಿಗೆ."

"ಅಕ್ಕ, ಇದು ಈರುಳ್ಳಿ ತೂಗೋ ತಕ್ಕಡಿ. ಐದೈದು ಗ್ರಾಮಿಗೆ ಒಂದ್ಸಲ ಇದರ ಅಂಕಿ ನೆಗೆಯೋದು. ಫ್ಯಾನು ತಿರುಗಿದ್ರೆ ಅದಕ್ಕೂ ತಲೆ ತಿರುಗ್ತದೆ."

"ನಮ್ಮನೇಲಿ ಒಬ್ರಿಗೆ ಆಗ್ಲೇ ತಿರುಗ್ತಾ ಅದೆ. ಫ್ಯಾನು ಆರ್ಸು."

ಅವಳು ಮೊದಲು ರಾಗಿ ಹಿಟ್ಟನ್ನು ಚಟಾಕಿಗೆ ಗೋಪುರ ಕಟ್ಟಿ ಸುರಿದಳು. ಕೆಂಪು ಅಂಕಿ ನಲವತ್ತು ತೋರಿಸಿತು. ಚಿಕ್ಕಬೋರಮ್ಮನ ಮುಖ ಅರಳಿತು. ಹಿಟ್ಟನ್ನು ತೆಗೆದು, ಅದೇ ಚಟಾಕಿನಲ್ಲಿ ಅದೇ ಗೋಪುರ ಕಟ್ಟಿ ಓಟ್ಸು ಸುರಿದಳು. ಇಪ್ಪತ್ತೈದು.

"ಸರಿಯಾಗಿ ನೋಡ್ಲಾ."

"ನಾನೇನಕ್ಕ ನೋಡ್ಲಿ, ಅದೇ ನೋಡ್ಕಂಡು ಏಳ್ತಾ ಅದೆ."

ಇನ್ನೊಂದು ಸಲ ಸುರಿದಳು. ಇಪ್ಪತ್ತೈದೇ. ಅವಳು ಅಂಗಡಿಯ ಮೂಟೆಯೊಂದರ ಮೇಲೆ ಮೆಲ್ಲಗೆ ಕುಳಿತಳು. ಹತ್ತಿರ ಹತ್ತಿರ ಒಂದು ತಿಂಗಳು. ಊರ ಮಕ್ಕಳಿಗೆಲ್ಲ ಹೊಟ್ಟೆ ತುಂಬ ಇಕ್ಕಿದ ಕೈ ಮನೆಯ ಯಜಮಾನನಿಗೆ ಅರೆಹೊಟ್ಟೆ ಇಕ್ಕಿತ್ತು. ಅದೂ ಅಳೆದು, ಹೆಮ್ಮೆಪಟ್ಟುಕೊಂಡು.

ಶಶಿಧರನಿಗೆ ಅವಳ ಮುಖ ನೋಡಲಾಗಲಿಲ್ಲ. "ಸಣ್ಣ ತಕ್ಕಡಿ ಬತ್ತದೆ ಅಕ್ಕ, ಒಂದೊಂದು ಗ್ರಾಮೂ ತೋರಿಸ್ತದೆ. ತರಿಸಿಕೊಡ್ಲಾ?"

"ಆ ನಂಬರು ಓದೋರ್ಯಾರು? ನಾನು ಸಾಲೇಲಿ ಇರ್ತೀನಿ. ಪಟ್ಟಲಮ್ಮಂಗೆ ಕನ್ನಡಕ ಇಲ್ದೆ ಬಾಗ್ಲೇ ಕಾಣಕಿಲ್ಲ. ನಂಗೆ ಕಣ್ ಮುಚ್ಕಂಡು ಅಳೆದ್ರೂ ತಪ್ಪದೆ ಬರೋ ಅಂತದ್ದು ಬೇಕು." ಅವಳು ಎದ್ದು ಸೆರಗು ಕೊಡವಿದಳು. "ಒಂದು ಕಿಲೋದು, ಬಾಯಿ ಒಡೀದೇ ಇರೋ ಪೊಟ್ಟಣ ಕೊಡು. ಅದರ ಮೇಲೆ ಬರ್ದಿರೋ ತೂಕ ನಿಜ ತಾನೆ?"

"ಅದು ಕಂಪ್ನಿ ತೂಕ, ಸರಿಯಾಗಿರ್ತದೆ."

"ಅಷ್ಟು ಸಾಕು."

ಮಾರನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಅವಳು ಜಗಲಿಯ ಮೇಲೆ ಬಿಳಿಯ ಪಂಚೆ ಹಾಸಿ, ಮೂಡಲಿಗೆ ಮುಖ ಮಾಡಿ, ತಂದೆ ಕೂರುತ್ತಿದ್ದ ಹಾಗೆಯೇ ಕೂತಳು. ಪೊಟ್ಟಣ ಕತ್ತರಿಸಿ ಪಂಚೆಯ ಮೇಲೆ ಸುರಿದಳು. ಚಟಾಕು ಎತ್ತಿದಳು.

"ಲಾಭ. ಎರಡು. ಮೂರು."

ಗೋಪುರ ಕಟ್ಟಿ ಅಳೆದಾಗ ಮೂವತ್ತೆಂಟು ಚಟಾಕು ಬಂತು. ನಂಬಿಕೆಯಾಗದೆ ಎರಡನೆಯ ಸಲ ಅಳೆದರೆ ಮೂವತ್ತೊಂಬತ್ತೂವರೆ. ಮೂರನೆಯ ಸಲ ಮೂವತ್ತೇಳು. ಅದೇ ರಾಶಿ, ಅದೇ ಕೈ, ಅದೇ ಚಟಾಕು. ಹೀಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ರಾಗಿಯ ಕಾಳು ಗುಂಡಗಿದೆ. ಉರುಳಿಕೊಂಡು ಹೋಗಿ ತನ್ನ ಜಾಗ ತಾನು ಹುಡುಕಿಕೊಳ್ಳುತ್ತದೆ. ಇದು ಚಪ್ಪಟೆ. ತೋಟದಲ್ಲಿ ಬಿದ್ದ ತರಗೆಲೆಯ ಹಾಗೆ ಒಂದರ ಮೇಲೊಂದು ಅಡ್ಡಾದಿಡ್ಡಿ ಮಲಗಿ, ನಡುವೆ ಗಾಳಿಗೆ ಜಾಗ ಕೊಡುತ್ತದೆ. ಒಂದು ದಿನ ಗೋಪುರ ಎತ್ತರ ನಿಲ್ಲುತ್ತದೆ, ಇನ್ನೊಂದು ದಿನ ಕುಸಿಯುತ್ತದೆ. ಕುಟ್ಟಿ ಅಳೆದರೆ ಒಂದು ಲೆಕ್ಕ, ಕುಟ್ಟದೆ ಅಳೆದರೆ ಇನ್ನೊಂದು.

ಆಮೇಲೆ ಅವಳು ಹುಟ್ಟಿದಾಗಿನಿಂದ ಮಾಡದ ಒಂದು ಕೆಲಸ ಮಾಡಿದಳು. ಚಟಾಕು ತುಂಬಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಚೂರಿಯ ಬೆನ್ನಿನಿಂದ ಅದರ ತಲೆ ಸವರಿದಳು.

ನಲವತ್ತನಾಲ್ಕು ಬಂತು. ಇನ್ನೊಂದು ಸಲ ಅಳೆದಳು. ನಲವತ್ತನಾಲ್ಕೇ.

"ಈಗ ಸಿಕ್ದೆ" ಎಂದಳು, ಓಟ್ಸಿಗೇ ಹೇಳುವವಳ ಹಾಗೆ.

ಮುಂದಿನದು ಅವಳಿಗೆ ಗೊತ್ತಿದ್ದ ಕೆಲಸ. ಒಂದು ಕಿಲೋವನ್ನು ಇಪ್ಪತ್ತೈದು ಸಮಪಾಲು ಮಾಡಿದರೆ ಪಾಲಿಗೆ ನಲವತ್ತು ಗ್ರಾಂ. ಅದಕ್ಕೆ ಯಾವ ತಕ್ಕಡಿಯೂ ಬೇಡ. ಕಣದಲ್ಲಿ ಅಣ್ಣತಮ್ಮಂದಿರಿಗೆ ಪಾಲು ಹಾಕುವ ಹಾಗೆ ಪಂಚೆಯ ಮೇಲೆ ಐದು ಸಾಲು, ಸಾಲಿಗೆ ಐದು ಗುಡ್ಡೆ ಹಾಕಿದಳು. ಗುಡ್ಡೆಗೆ ಒಂದೊಂದು ಚಟಾಕು, ಇಪ್ಪತ್ತೈದು ಆಯಿತು. ಉಳಿದದ್ದರಲ್ಲಿ ಅರ್ಧರ್ಧ ಚಟಾಕು. ಮತ್ತೆ ಉಳಿದದ್ದರಲ್ಲಿ ಕಾಲುಕಾಲು. ಕಡೆಗೆ ಮಿಕ್ಕದ್ದನ್ನು ಎರಡು ಬೆರಳಿನ ಚಿಟಿಕೆಯಲ್ಲಿ ಹಂಚಿಬಿಟ್ಟಳು. ಗುಡ್ಡೆಗೆ ಒಂದೂ ಮುಕ್ಕಾಲು ಚಟಾಕು.

ಜವರಯ್ಯ ಎಮ್ಮೆ ಕಟ್ಟಿ ಬಂದವನು ನಿಂತು ನೋಡಿದ. "ಏನಮ್ಮಿ ಇದು, ಇಪ್ಪತ್ತೈದು ಜನಕ್ಕೆ ಎಡೆ ಇಕ್ಕೀಯ?"

"ಇಪ್ಪತ್ತೈದು ದಿನಕ್ಕೆ. ಒಬ್ನಿಗೇ."

ಅವನು ಬಗ್ಗಿ ಒಂದು ಗುಡ್ಡೆಯನ್ನು ಬೆರಳಿನಿಂದ ತೋರಿಸಿದ. "ಇಷ್ಟಾ ನಂದು? ಇಷ್ಟು ಕೊಟ್ಟೇ ಇರ್ನಿಲ್ವಲ್ಲ ನೀನು."

"ಕೊಟ್ಟಿರ್ನಿಲ್ಲ" ಎಂದಳು ಚಿಕ್ಕಬೋರಮ್ಮ. "ನಂದೇ ತಪ್ಪು. ರಾಗಿ ಲೆಕ್ಕ ಇದಕ್ಕೆ ಆಕ್ಬುಟ್ಟೆ."

ಜವರಯ್ಯ ಒಳಕ್ಕೆ ಹೋಗಿ ಒಂದು ಚೊಂಬು ನೀರು ತಂದು ಅವಳ ಪಕ್ಕದಲ್ಲಿಟ್ಟ.

ಒಂದೂ ಮುಕ್ಕಾಲು ಎಂದರೆ ಪಟ್ಟಲಮ್ಮ ದಿನಕ್ಕೊಂದು ಥರ ಅಳೆದಾಳು. ಒಂದೇ ಸಲ ತುಂಬಿ ಒಂದೇ ಸಲ ಸುರಿಯುವಂಥದ್ದು ಬೇಕು. ಚಿಕ್ಕಬೋರಮ್ಮ ಹಿತ್ತಲಿನಿಂದ ಒಂದಷ್ಟು ತೆಂಗಿನ ಚಿಪ್ಪು ಆರಿಸಿ ತಂದಳು. ಒಂದು ಗುಡ್ಡೆ ಒಳಗೆ ಸುರಿಯುವುದು, ಎಲ್ಲಿಗೆ ಬಂತೆಂದು ನೋಡುವುದು, ಚಿಪ್ಪಿನ ಬಾಯಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಿರುಗಿಸಿ ತಿರುಗಿಸಿ ತೇಯುವುದು, ಮತ್ತೆ ಸುರಿಯುವುದು. ಮೊದಲನೆಯದನ್ನು ಹೆಚ್ಚು ತೇಯ್ದು ಕೆಡಿಸಿದಳು. ಎರಡನೆಯದು ಸೀಳಿತು. ಮೂರನೆಯದರ ಬಾಯಿ ಒಂದು ಕಡೆ ತಗ್ಗಾಯಿತು. ಬೆರಳಿನ ತುದಿಗಳು ಉರಿಯುತ್ತಿದ್ದವು. ನಾಲ್ಕನೆಯದು ಭಾನುವಾರ ಮಧ್ಯಾಹ್ನಕ್ಕೆ ಕೂಡಿಬಂತು. ಗುಡ್ಡೆ ಸುರಿದು ಚೂರಿಯ ಬೆನ್ನು ಎಳೆದರೆ ಒಂದು ಚೂರೂ ಕೆಳಗೆ ಬೀಳಲಿಲ್ಲ, ಒಂದು ಚೂರಿನಷ್ಟೂ ತಗ್ಗು ಉಳಿಯಲಿಲ್ಲ. ಬೇರೆ ಐದು ಗುಡ್ಡೆ ಸುರಿದು ನೋಡಿದಳು. ಐದೂ ಸರಿಬಂದವು.

ಈಗ ಪಟ್ಟಲಮ್ಮನ ಸರದಿ. ಅವಳು ಚಿಪ್ಪು ತುಂಬಿ, ಮೇಲೊಂದು ಗೋಪುರ ಕಟ್ಟಿದಳು.

"ಸವರು" ಎಂದಳು ಚಿಕ್ಕಬೋರಮ್ಮ.

"ಮನೆ ಗಂಡಸಿಗೆ ತಲೆ ಸವರಿ ಇಕ್ಕದಾ ಅಕ್ಕ? ನೋಡ್ದೋರು ಏನಂದಾರು?"

"ನಮ್ಮಪ್ಪ ಇದ್ದಿದ್ರೆ ನಂಗೇ ಬೈದ್ಬುಡೋನು. ಆದ್ರೂವೆ ಸವರು."

"ಒಂದ್ ಚಿಟಿಕೆ ಎಚ್ಚಾದ್ರೆ ಏನು ಮುಳುಗ್ತದೆ?"

"ನೀನು ಒಂದ್ ಚಿಟಿಕೆ ಎಚ್ಚು ಆಕ್ತೀಯ, ನಾಳೆ ಮರೆತು ಎರಡು ಚಿಟಿಕೆ ಕಮ್ಮಿ ಆಕ್ತೀಯ. ಡಾಕ್ಟ್ರು ಯಾವ್ದು ನೋಡ್ಕಂಡು ಮಾತ್ರೆ ಕೊಡಬೇಕು? ಭಾವನ ಮೇಲೆ ಪ್ರೀತಿ ಇದ್ರೆ ತರಕಾರಿಗೆ ಸುರಿ. ಇದರ ತಲೆ ಸವರು."

ಪಟ್ಟಲಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡು ಸವರಿದಳು. ಎರಡು ದಿನಕ್ಕೆ ಅಭ್ಯಾಸವಾಯಿತು.

ಹತ್ತನೆಯ ದಿನ ಮದ್ದೂರಿನಿಂದ ಮಗಳು ವೀಣ ಅಪ್ಪನನ್ನು ನೋಡಲು ಬಂದಳು. ಬರುವಾಗ ಒಂದು ಕಿಲೋ ಓಟ್ಸಿನ ಪೊಟ್ಟಣ ತಂದಳು. ಮಾರನೆಯ ಬೆಳಿಗ್ಗೆ ಚಿಕ್ಕಬೋರಮ್ಮ ಶಾಲೆಗೆ ಹೊರಡುವ ಮುಂಚೆ ಅದನ್ನು ಬಿಚ್ಚಿ, ಚಿಪ್ಪು ತುಂಬಿ, ತಲೆ ಸವರಿ, ಪಾತ್ರೆಗೆ ಸುರಿಯಲು ಹೋದವಳು ನಿಂತಳು. ಕೈಗೆ ಭಾರ ಬಂತು. ಎಷ್ಟು ಭಾರ ಎಂದು ಕೇಳಿದರೆ ಹೇಳಲಾರಳು. ಆದರೆ ನಿನ್ನೆಯ ಚಿಪ್ಪಲ್ಲ ಇದು.

"ಇದೇನ್ ಮಗ, ನುಚ್ಚಿನಂಗದೆ?"

"ಬೇಗ ಬೇಯೋದು ಕಣವ್ವ. ಸಣ್ಣಕ್ಕೆ ಒಡೆದಿರ್ತಾರೆ. ಎಲ್ಲಾ ಒಂದೇ ಬುಡು."

"ಒಂದೇ ಅಂದ್ಕಂಡೇ ನಿಮ್ಮಪ್ಪನ್ನ ಬದುವಿನ ಮೇಲೆ ಬೀಳ್ಸಿದ್ದು ನಾನು."

ಅಂದು ಹಳೆಯ ಡಬ್ಬಿಯಿಂದಲೇ ಅಳೆದಿಟ್ಟು ಹೋದಳು. ಸಂಜೆ ಮತ್ತೆ ಪಂಚೆ ಹಾಸಿದಳು. ತಾಯಿಯೂ ಮಗಳೂ ಸೇರಿ ಹೊಸ ಪೊಟ್ಟಣವನ್ನು ಇಪ್ಪತ್ತೈದು ಗುಡ್ಡೆ ಮಾಡಿದರು. ಗುಡ್ಡೆ ಚಿಪ್ಪಿನ ಬಾಯಿಗೆ ಬರಲಿಲ್ಲ. ಅರ್ಧ ಬೆರಳಿನಗಲ ಕೆಳಗೇ ನಿಂತಿತು. ಮತ್ತೊಂದು ಚಿಪ್ಪು ಹುಡುಕಿ ಕಲ್ಲಿನ ಮೇಲೆ ತೇಯ್ದಳು. ಈ ಸಲ ಕೈ ಪಳಗಿತ್ತು, ಒಂದೂ ಕೆಡಲಿಲ್ಲ. ಗುರುತು ತಪ್ಪದಿರಲೆಂದು ಅದರ ಬಾಯಿಗೆ ಕುಡುಗೋಲಿನಿಂದ ಒಂದು ಕಚ್ಚು ಹಾಕಿದಳು. ಬೆರಳಾಡಿಸಿದರೆ ಸಾಕು, ಕಣ್ಣು ಬೇಡ.

ಹದಿನೈದು ದಿನ ಕಳೆಯಿತು. ಜವರಯ್ಯನಿಗೆ ತಲೆ ಒಮ್ಮೆಯೂ ತಿರುಗಲಿಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಡಬ್ಬಿಯನ್ನು ತಿಪ್ಪೆಗೆ ಎಸೆಯುವ ಮಾತನ್ನೂ ಎತ್ತಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಚೀಟಿ ಹಿಡಿದು ನಯನಳ ಮುಂದೆ ಕೂತಾಗ ಅವಳು ಮೊದಲು ಕೇಳಿದ್ದು ಅಳತೆಯನ್ನೇ. ಚಿಕ್ಕಬೋರಮ್ಮ ಚೀಲದಿಂದ ಕಚ್ಚಿಲ್ಲದ ಚಿಪ್ಪು ತೆಗೆದು ಮೇಜಿನ ಮೇಲಿಟ್ಟಳು. ನಯನ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೇಜಿನ ಒಳಗಿನಿಂದ ಅಂಗೈಯಗಲದ ತಕ್ಕಡಿಯನ್ನೂ, ರೋಗಿಗಳಿಗೆ ತೋರಿಸಲು ಇಟ್ಟಿದ್ದ ಓಟ್ಸಿನ ಡಬ್ಬಿಯನ್ನೂ ತೆಗೆದಳು. ಚಿಪ್ಪು ತುಂಬಿ, ಸವರಿ, ತಕ್ಕಡಿಗೆ ಸುರಿದಳು.

ನಲವತ್ತೇಳು.

ಜವರಯ್ಯ ಹೆಂಡತಿಯ ಮುಖ ನೋಡಿದ. ನಯನ, "ಪರವಾಗಿಲ್ಲಮ್ಮ, ಹತ್ತಿರ ಇದೆ" ಎಂದಳು.

"ಹತ್ತಿರ ಅಲ್ಲ, ತಡಿಯವ್ವ." ಚಿಕ್ಕಬೋರಮ್ಮ ತಕ್ಕಡಿಯ ಮೇಲಿನಿಂದ ನಾಲ್ಕು ಚೂರು ತೆಗೆದು ಹೆಬ್ಬೆರಳಿನಲ್ಲಿ ಉಜ್ಜಿದಳು. "ಇದು ನುಚ್ಚು. ಆ ಚಿಪ್ಪು ಅಗಲ ಎಲೇದಕ್ಕೆ. ಇದಕ್ಕೆ ಬ್ಯಾರೆ ಅದೆ." ಚೀಲದೊಳಗೆ ಕೈಯಾಡಿಸಿ, ನೋಡದೆಯೇ, ಬೆರಳಿಗೆ ಕಚ್ಚು ಸಿಕ್ಕಿದ ಚಿಪ್ಪನ್ನು ಎತ್ತಿಕೊಟ್ಟಳು. "ಈಗ ಅಳಿ."

ನಯನ ಅಳೆದು ಸುರಿದಳು. ಅಂಕಿ ಮೂವತ್ತೊಂಬತ್ತಕ್ಕೆ ಹೋಗಿ, ಒಂದು ಸಲ ಮಿನುಗಿ, ನಲವತ್ತಕ್ಕೆ ಬಂದು ನಿಂತಿತು.

ಹುಡುಗಿ ಆ ಅಂಕಿಯನ್ನೂ ಎರಡು ಚಿಪ್ಪುಗಳನ್ನೂ ನೋಡಿ, ಎದ್ದು, ತಕ್ಕಡಿಯನ್ನು ಹಾಗೆಯೇ ಬಿಟ್ಟು ಪಕ್ಕದ ಕೋಣೆಗೆ ಹೋಗಿ ಡಾಕ್ಟರೊಂದಿಗೆ ಮಾತಾಡಿ ಬಂದಳು. ರಕ್ತದ ಚೀಟಿ ಚೆನ್ನಾಗಿದೆಯಂತೆ. ಅರ್ಧ ಮಾತ್ರೆಯೇ ಸಾಕಂತೆ. ತಿಂಡಿ ಹೀಗೆಯೇ ನಡೆಯಬೇಕಂತೆ. ಇನ್ನೂ ಒಂದು ಮಾತಿತ್ತು.

"ಸಂಜೆಗೆ ಒಂದು ಮುದ್ದೆ ತಿನ್ನಬಹುದು ಅಂದ್ರು ಅಪ್ಪ. ಒಂದೇ. ಹಿಟ್ಟು ನಲವತ್ತು ಗ್ರಾಂ ಮೀರಬಾರದು."

ಜವರಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತ. ನಲವತ್ತು ಎಂದರೆ ಎಷ್ಟು ದಪ್ಪ ಎಂದು ಕೈಯಲ್ಲಿ ತೋರಿಸಿಕೊಂಡು, ಬೆರಳುಗಳನ್ನು ಸ್ವಲ್ಪ ಅಗಲ ಮಾಡಿ, ಹೆಂಡತಿ ನೋಡುತ್ತಿದ್ದಾಳೆಂದು ಮತ್ತೆ ಕಿರಿದು ಮಾಡಿದ. "ಅದನ್ನೂ ತಲೆ ಸವರೇ ಕೊಡ್ತೀಯ ಅಲ್ವಾ?" ಎಂದ.

ಚಿಕ್ಕಬೋರಮ್ಮ ಎರಡೂ ಚಿಪ್ಪನ್ನು ಒಂದರೊಳಗೊಂದು ಕೂರಿಸಿ ಚೀಲಕ್ಕೆ ಹಾಕಿಕೊಂಡಳು.

"ಅದು ನಮ್ಮಪ್ಪನ ಚಟಾಕಿನ ಲೆಕ್ಕ" ಎಂದಳು. "ಕಿಲೋಗೆ ಇಪ್ಪತ್ತೈದು. ರಾಗಿಗೆ ಗೋಪುರ ಕಟ್ಟಿದ್ರೇನೇ ನಲವತ್ತು. ಏಳು, ಬಸ್ಸು ತಪ್ತದೆ."